ಹತ್ತಿಯ ಚಲ್ಲಣ: ವ್ಯಾಯಾಮಕ್ಕೂ ವಿರಾಮಕ್ಕೂ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಉಣ್ಣುವುದು ತನ್ನ ನಾಲಗೆಗೆ ಹಿಡಿಸಿದಂತೆ, ಉಡುವುದು ನೋಡುವವರ ಕಣ್ಣಿಗೆ ಒಪ್ಪಿದಂತೆ ಎಂಬುದು ಅದರ ತಾತ್ಪರ್ಯ. ಮದುವೆಯ ಮನೆಗೋ ದೇವಸ್ಥಾನಕ್ಕೋ ಹೊರಟಾಗ ಈ ಮಾತು ಸರಿಯೆ. ನಾಲ್ಕು ಜನರ ನಡುವೆ ಇರುವಾಗ ಆ ನಾಲ್ವರ ಕಣ್ಣಿಗೂ ಬೆಲೆ ಕೊಡುವುದು ಸೌಜನ್ಯ. ಆದರೆ ಬೆಳಗಿನ ಜಾವ ಕೋಣೆಯಲ್ಲಿ ಸೂರ್ಯನಮಸ್ಕಾರ ಮಾಡುವ ಗೃಹಿಣಿ, ವೈದ್ಯರು ಹೇಳಿದಂತೆ ಮೊಣಕಾಲನ್ನು ಎತ್ತಿ ಇಳಿಸುವ ಅತ್ತೆ, ಶಾಲೆಯ ಮೈದಾನದಲ್ಲಿ ಓಡುವ ಮಗಳು – ಇವರ ಉಡುಪನ್ನು ಗೊತ್ತುಮಾಡಬೇಕಾದವರು ಯಾರು? ಬಾಗುವ ಬೆನ್ನು ಅವರದು, ಮಡಿಸುವ ಕಾಲು ಅವರದು, ಸುರಿಯುವ ಬೆವರೂ ಅವರದೇ. ಅಂಥ ಹೊತ್ತಿನ ಉಡುಪಿನ ವಿಷಯದಲ್ಲಿ ಮಾತ್ರ ಗಾದೆಯ ಉತ್ತರಾರ್ಧವನ್ನು ಬದಿಗಿಟ್ಟು, ‘ತನ್ನಿಚ್ಛೆ’ ಎಂಬ ಪೂರ್ವಾರ್ಧವನ್ನೇ ಉಡುಪಿಗೂ ಅನ್ವಯಿಸುವುದು ನ್ಯಾಯ.

ಇದು ಕೇವಲ ಶೋಕಿಯ ಪ್ರಶ್ನೆಯಲ್ಲ. ಪ್ರಾಪ್ತವಯಸ್ಕರು ವಾರಕ್ಕೆ ಕನಿಷ್ಠ ೧೫೦ ನಿಮಿಷಗಳಾದರೂ ಮೈಬಿಸಿಯಾಗುವಂತೆ ನಡೆಯಬೇಕು ಅಥವಾ ದುಡಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ೨೦೨೪ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ೨೦೨೨ರಲ್ಲಿ ಭಾರತದ ಪುರುಷರಲ್ಲಿ ನೂರಕ್ಕೆ ೪೨ ಮಂದಿ ಈ ಪ್ರಮಾಣದ ವ್ಯಾಯಾಮವಿಲ್ಲದವರಾಗಿದ್ದರೆ, ಸ್ತ್ರೀಯರಲ್ಲಿ ನೂರಕ್ಕೆ ೫೭ ಮಂದಿ ಹಾಗಿದ್ದರು. ಹೊತ್ತಿಲ್ಲ, ಜಾಗವಿಲ್ಲ, ಜೊತೆಯಿಲ್ಲ ಎಂಬ ಕಾರಣಗಳು ಹಲವು. ‘ಹಾಕಿಕೊಳ್ಳಲು ತಕ್ಕ ಬಟ್ಟೆಯಿಲ್ಲ’ ಎಂಬುದೂ ಅವುಗಳಲ್ಲೊಂದು. ಉಳಿದವನ್ನು ನೀಗಿಸುವುದು ಕಷ್ಟವಿರಬಹುದು. ಇದೊಂದನ್ನು ನೀಗಿಸಲು ಒಂದು ಮೀಟರು ಹತ್ತಿಯ ಬಟ್ಟೆ ಸಾಕು.

ಗದ್ದೆಯಲ್ಲಿಲ್ಲದ ಸಂಕೋಚ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಹೇಮಾವತಿಯ ದಂಡೆಯ ಮೇಲೆ ಅಕ್ಕಿಹೆಬ್ಬಾಳು ಎಂಬ ಊರಿದೆ. ಮೈಸೂರಿನಿಂದ ಅರಸೀಕೆರೆಗೆ ಹೋಗುವ ರೈಲುಮಾರ್ಗದಲ್ಲಿ ಕೃಷ್ಣರಾಜನಗರವನ್ನು ದಾಟಿದ ಮೇಲೆ ಇದರ ನಿಲ್ದಾಣ ಸಿಗುತ್ತದೆ. ಇಲ್ಲಿಂದ ಕೆಳಗೆ ಹರಿದ ಹೊಳೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಊರಿನ ಹೆಸರಿನಲ್ಲಿಯೇ ಅಕ್ಕಿಯಿದೆ. ಸುತ್ತಲೂ ಭತ್ತ ಕಬ್ಬುಗಳ ನೀರಾವರಿಯ ಭೂಮಿ.

ಈ ಸೀಮೆಯಲ್ಲಿ ನಾಟಿಯ ಕಾಲ ಬಂತೆಂದರೆ ಹೆಂಗಸರು ಸಾಲುಹಿಡಿದು ಕೆಸರುಗದ್ದೆಗೆ ಇಳಿಯುತ್ತಾರೆ. ಇಳಿಯುವ ಮುನ್ನ ಅವರು ಮಾಡುವ ಮೊದಲ ಕೆಲಸವೆಂದರೆ ಸೀರೆಯನ್ನು ಮಂಡಿಯವರೆಗೆ ಎತ್ತಿ, ನೆರಿಗೆಯನ್ನು ಹಿಡಿದು ನಡುವಿಗೆ ಬಿಗಿಯಾಗಿ ಸಿಕ್ಕಿಸುವುದು. ರವಿಕೆಯ ಮೇಲೆ ಮನೆಯ ಗಂಡಸಿನ ಹಳೆಯ ಅಂಗಿಯೊಂದನ್ನು ತೊಟ್ಟು, ತಲೆಗೆ ವಸ್ತ್ರ ಸುತ್ತಿಕೊಂಡರೆ ಕೆಲಸದ ವೇಷ ಮುಗಿಯಿತು. ಇದನ್ನು ಕಂಡು ಮೂಗುಮುರಿದವರಿಲ್ಲ. ಯಾವ ಹಿರಿಯರೂ ಆಕ್ಷೇಪಿಸಿದ್ದಿಲ್ಲ. ಕೆಸರಿನಲ್ಲಿ ದಿನವಿಡೀ ಬಗ್ಗಿ ಪೈರು ನೆಡುವವಳಿಗೆ ಪಾದ ಮುಚ್ಚುವ ಉಡುಪು ಅಡ್ಡಿಯೆಂದು ಎಲ್ಲರಿಗೂ ಗೊತ್ತು. ದುಡಿಮೆ ಉಡುಪಿನ ಉದ್ದವನ್ನು ನಿರ್ಣಯಿಸಿದೆ. ನೋಡುವ ಕಣ್ಣು ಅದಕ್ಕೆ ಹೊಂದಿಕೊಂಡಿದೆ.

ಹೀಗಿರುವಲ್ಲಿ, ಅದೇ ಹೆಂಗಸರ ಮಗಳೋ ಮೊಮ್ಮಗಳೋ ಮೈಸೂರಿನ ಬಾಡಿಗೆ ಮನೆಯಲ್ಲಿ ವ್ಯಾಯಾಮಕ್ಕೆಂದು ಮಂಡಿಯವರೆಗಿನ ಚಲ್ಲಣ ತೊಟ್ಟರೆ ಅಷ್ಟೊಂದು ಸಂಕೋಚವೇಕೆ? ಕಾರಣ ಸ್ಪಷ್ಟ: ಗದ್ದೆಯ ಕೆಲಸದಿಂದ ಮನೆಗೆ ಅನ್ನ ಬರುತ್ತದೆ, ವ್ಯಾಯಾಮದಿಂದ ಆಕೆಗೆ ಮಾತ್ರ ಆರೋಗ್ಯ ಬರುತ್ತದೆ ಎಂಬ ಭಾವನೆ. ಸ್ತ್ರೀಯ ದೇಹ ಮನೆಯ ದುಡಿಮೆಗೆಂದು ಬಾಗಿದರೆ ಉಡುಪು ಮೇಲೇರಬಹುದು. ತನಗೆಂದು ಬಾಗಿದರೆ ಏರಬಾರದು! ಈ ಲೆಕ್ಕದ ಅನ್ಯಾಯವನ್ನು ಮನಗಂಡರೆ ಉಳಿದದ್ದು ಬಟ್ಟೆಯ ವಿಚಾರ ಮಾತ್ರ.

ಹಳೆಯ ಮಾತು, ಹೊಸ ಉಡುಪು

ಇಂದು ಅಂಗಡಿಗಳಲ್ಲಿ ‘ಷಾರ್ಟ್ಸ್’ ಎಂದು ಕರೆಯುವ ಈ ಉಡುಪಿಗೆ ಕನ್ನಡದಲ್ಲಿ ಹೆಸರಿಲ್ಲದೆ ಇಲ್ಲ. ವೀರರೂ ಮಲ್ಲರೂ ತೊಡುತ್ತಿದ್ದ ಗಿಡ್ಡ ಉಡುಪಿಗೆ ‘ಚಲ್ಲಣ’ ಎಂಬ ಮಾತು ಹಿಂದಿನಿಂದ ನಡೆದುಬಂದಿದೆ. ಅದು ಗಂಡಸಿನ ಉಡುಪಾಗಿತ್ತೆಂಬುದು ನಿಜ. ಆದರೆ ಸ್ತ್ರೀಯರೂ ಅದನ್ನು ಆಟದ ಬಯಲಿಗೆ ತಂದು ತೊಂಬತ್ತು ವರ್ಷಗಳೇ ಕಳೆದಿವೆ. ೧೯೩೧ರಲ್ಲಿ ಸ್ಪೇನಿನ ಲಿಲಿ ದೆ ಆಲ್ವಾರೆಸ್ ವಿಂಬಲ್ಡನ್ ಟೆನಿಸ್ ಪಂದ್ಯಕ್ಕೆ ಎರಡು ಕಾಲಾಗಿ ಸೀಳಿದ ಲಂಗವನ್ನು ಧರಿಸಿ ಬಂದಾಗ ಪತ್ರಿಕೆಗಳಲ್ಲಿ ಗುಲ್ಲೆದ್ದಿತ್ತು. ೧೯೩೩ರಲ್ಲಿ ಅಮೆರಿಕದ ಹೆಲೆನ್ ಜೇಕಬ್ಸ್ ಫಾರೆಸ್ಟ್ ಹಿಲ್ಸ್‌ನ ಪಂದ್ಯಾವಳಿಯಲ್ಲಿ ನೇರವಾಗಿ ಚಲ್ಲಣವನ್ನೇ ತೊಟ್ಟು ಆಡಿದರು. ಚೆಂಡಿನ ಹಿಂದೆ ಓಡುವ ಕಾಲಿಗೆ ಲಂಗ ತೊಡಕೆಂಬುದು ಅವರ ಸರಳ ವಾದ.

ಇತ್ತೀಚಿನ ಎರಡು ಪ್ರಸಂಗಗಳು ಇನ್ನೊಂದು ಮುಖವನ್ನು ತೋರಿಸುತ್ತವೆ. ೨೦೨೧ರ ಜುಲೈ ತಿಂಗಳಲ್ಲಿ ಬಲ್ಗೇರಿಯದಲ್ಲಿ ನಡೆದ ಯೂರೋಪಿನ ಕಡಲತೀರದ ಹ್ಯಾಂಡ್‌ಬಾಲ್ ಪಂದ್ಯಾವಳಿಯಲ್ಲಿ ನಾರ್ವೆಯ ಮಹಿಳಾ ತಂಡಕ್ಕೆ ೧,೫೦೦ ಯೂರೋ ದಂಡ ಬಿತ್ತು. ಅಪರಾಧವೇನು? ನಿಯಮದಲ್ಲಿದ್ದ ತೀರ ತುಂಡು ಒಳಉಡುಪನ್ನು ಬಿಟ್ಟು, ತೊಡೆ ಮುಚ್ಚುವ ಚಲ್ಲಣವನ್ನು ಧರಿಸಿದ್ದು! ಜಗತ್ತಿನ ಹಲವೆಡೆಗಳಿಂದ ಟೀಕೆ ಬಂದ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ ಅದೇ ವರ್ಷ ನಿಯಮವನ್ನು ಬದಲಿಸಿತು. ಅತ್ತ ವಿಂಬಲ್ಡನ್ ಪಂದ್ಯಗಳಲ್ಲಿ ಆಪಾದಮಸ್ತಕ ಬಿಳಿಯ ಉಡುಪನ್ನೇ ತೊಡಬೇಕೆಂಬ ಕಟ್ಟಳೆ. ಮುಟ್ಟಿನ ದಿನಗಳಲ್ಲಿ ಬಿಳಿಯ ಬಟ್ಟೆಯಿಂದಾಗುವ ಆತಂಕವನ್ನು ಆಟಗಾರ್ತಿಯರು ಬಾಯಿಬಿಟ್ಟು ಹೇಳಿದ ಫಲವಾಗಿ, ೨೦೨೩ರಿಂದ ಲಂಗದೊಳಗೆ ಗಾಢವರ್ಣದ ಚಲ್ಲಣ ತೊಡಲು ಅನುಮತಿ ದೊರೆಯಿತು. ಒಂದೆಡೆ ಉದ್ದ ಬೇಕೆಂದರು, ಇನ್ನೊಂದೆಡೆ ಬಣ್ಣ ಬೇಕೆಂದರು. ಎರಡು ಕಡೆಯೂ ಕೇಳಿದ್ದು ಒಂದೇ: ತೊಡುವವಳ ಮಾತು ನಡೆಯಲಿ ಎಂದು.

ದೂರದ ನಿದರ್ಶನಗಳೇ ಬೇಕೆಂದಿಲ್ಲ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಖೊಖೊ ಆಟಕ್ಕೆ ಹೆಸರಾದ ಹಳ್ಳಿ. ಆ ಊರಿನ ಬಿ. ಚೈತ್ರಾ ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು, ಬೆನ್ನಿಗೆ ಕೈ ತಾಗಿ ‘ಖೊ’ ಎಂದೊಡನೆ ಚಿಮ್ಮಿ ಓಡಬೇಕಾದ ಆಟವಿದು. ಪಂದ್ಯದ ಉಡುಪು ಕೃತಕ ನೂಲಿನದಿರಬಹುದು. ಅದರ ಕಟ್ಟು ಮಾತ್ರ ಚಲ್ಲಣದ್ದೇ. ಹಳ್ಳಿಯ ಹುಡುಗಿಯರು ಮೈದಾನದಲ್ಲಿ ಸಹಜವಾಗಿ ತೊಡುವುದನ್ನು ಪಟ್ಟಣದ ಮನೆಯೊಳಗೆ ತೊಡಲು ಹಿಂಜರಿಯುವುದು ವಿಚಿತ್ರವೇ ಸರಿ.

ಹತ್ತಿಯೇ ಏಕೆ?

ಹತ್ತಿಯ ಎಳೆಗೆ ನೀರಿನ ಮೇಲೆ ಪ್ರೀತಿ. ಸಾಧಾರಣ ಹವೆಯಲ್ಲಿಯೇ ಅದು ತನ್ನ ತೂಕದ ನೂರಕ್ಕೆ ಸುಮಾರು ೮ ಪಾಲಿನಷ್ಟು ತೇವವನ್ನು ಹಿಡಿದಿರುತ್ತದೆ. ಪಾಲಿಯೆಸ್ಟರ್ ಎಳೆ ಹಿಡಿಯುವುದು ಅರ್ಧಪಾಲಿಗಿಂತಲೂ ಕಡಿಮೆ. ಆದಕಾರಣ ಹತ್ತಿಯ ಬಟ್ಟೆ ಚರ್ಮದ ತೇವವನ್ನು ಹೀರಿಕೊಂಡು ಮೈಗೆ ಹಿತವಾಗಿರುತ್ತದೆ. ಒದ್ದೆಯಾದಾಗ ಅದರ ಎಳೆ ಇನ್ನಷ್ಟು ಗಟ್ಟಿಯಾಗುವುದರಿಂದ ಪದೇಪದೇ ಒಗೆದರೂ ಬಾಳುತ್ತದೆ. ಬೆವರಿನ ವಾಸನೆಯೂ ಹತ್ತಿಯಲ್ಲಿ ಪಾಲಿಯೆಸ್ಟರಿನಷ್ಟು ಅಂಟಿಕೊಳ್ಳುವುದಿಲ್ಲ.

ಹತ್ತಿಗೂ ಕನ್ನಡನಾಡಿಗೂ ಹಳೆಯ ನಂಟಿದೆ. ೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಭಿನ್ನ ಜಾತಿಯ ಹತ್ತಿಗಳನ್ನು ಕೂಡಿಸಿ ಒಂದು ಸಂಕರ ತಳಿಯನ್ನು ಸಿದ್ಧಪಡಿಸಿ, ‘ವರಲಕ್ಷ್ಮಿ’ ಎಂದು ಕರೆದರು. ೧೯೮೧ರಲ್ಲಿ ‘ಜಯಲಕ್ಷ್ಮಿ’ ಬಂದಿತು. ಎರಡೂ ಉದ್ದ ಎಳೆಯ ಹತ್ತಿಗಳು. ಎಳೆ ಉದ್ದವಾದಷ್ಟೂ ನೂಲು ನಯ. ನೂಲು ನಯವಾದಷ್ಟೂ ಬಟ್ಟೆ ಮೈಗೆ ಮೃದು. ‘ಕೋಂಬ್ಡ್’ ಎಂದು ಚೀಟಿಯಲ್ಲಿ ಬರೆದಿದ್ದರೆ ಗಿಡ್ಡ ಎಳೆಗಳನ್ನು ಬಾಚಿ ತೆಗೆದ ನೂಲೆಂದು ಅರ್ಥ. ತೊಡೆಗೆ ಉಜ್ಜುವ ಉಡುಪಿಗೆ ಇದೇ ಲೇಸು.

ಹತ್ತಿಯ ದೋಷವನ್ನೂ ಮರೆಮಾಚಬಾರದು. ಹೀರಿದ ಬೆವರನ್ನು ಅದು ಬೇಗ ಬಿಡುವುದಿಲ್ಲ. ಅರ್ಧ ಗಂಟೆಯ ಯೋಗಾಸನ, ಮನೆಯೊಳಗಿನ ಕಸರತ್ತು, ಸಂಜೆಯ ನಡಿಗೆ, ರಾತ್ರಿಯ ನಿದ್ದೆ – ಇವಕ್ಕೆ ಹತ್ತಿಗೆ ಸಮನಾದದ್ದಿಲ್ಲ. ಆದರೆ ಗಂಟೆಗಟ್ಟಲೆ ಓಡುವವರಿಗೆ ತೊಯ್ದ ಹತ್ತಿ ಭಾರವಾಗಿ ತೊಡೆಯ ಚರ್ಮವನ್ನು ಉಜ್ಜೀತು. ಅಂಥವರು ಬೇಗ ಒಣಗುವ ಬಟ್ಟೆಯನ್ನು ಆರಿಸುವುದೇ ಸರಿ.

ಬಟ್ಟೆಯ ಪರೀಕ್ಷೆ

ಹತ್ತಿಯಲ್ಲಿಯೂ ಎರಡು ಕುಲ. ಮಗ್ಗದಲ್ಲಿ ನೆಯ್ದ ಪಾಪ್ಲಿನ್ ಮೊದಲಾದುವು ಒಂದು. ಯಂತ್ರದಲ್ಲಿ ಹೆಣೆದ ಬನಿಯನ್ ಬಟ್ಟೆ ಇನ್ನೊಂದು. ನೆಯ್ದ ಬಟ್ಟೆ ಎಳೆದರೆ ಹಿಗ್ಗುವುದಿಲ್ಲ; ಆದ್ದರಿಂದ ಅದನ್ನು ಸಡಿಲವಾಗಿ ಹೊಲಿಯಬೇಕು. ಗಾಳಿಯಾಡುವ ಸೌಖ್ಯದಿಂದ ವಿರಾಮಕ್ಕೂ ನಿದ್ದೆಗೂ ಅದು ಅನುಕೂಲ. ಹೆಣೆದ ಬಟ್ಟೆ ಮೈಯ ಚಲನೆಯೊಡನೆ ಹಿಗ್ಗಿ ಕುಗ್ಗುವುದರಿಂದ ವ್ಯಾಯಾಮಕ್ಕೆ ಒಪ್ಪುತ್ತದೆ. ತಮಿಳುನಾಡಿನ ತಿರುಪ್ಪೂರಿನಿಂದ ಬರುವ ಸಿದ್ಧ ಉಡುಪು ಬಹುಪಾಲು ಈ ಬಗೆಯದು. ನೂರಕ್ಕೆ ೯೫ ಪಾಲು ಹತ್ತಿ, ೫ ಪಾಲು ಹಿಗ್ಗುವ ನೂಲು ಇದ್ದರೆ ಮಂಡಿಯೂರಿ ಎದ್ದ ಮೇಲೂ ಬಟ್ಟೆ ಜೋಲುಬೀಳದು. ದಪ್ಪವನ್ನು ಒಂದು ಚದರ ಮೀಟರಿಗೆ ಇಂತಿಷ್ಟು ಗ್ರಾಂ ಎಂದು ಅಳೆಯುತ್ತಾರೆ: ೧೬೦ರಿಂದ ೨೦೦ ಗ್ರಾಂ ಇದ್ದರೆ ನಮ್ಮ ಹವೆಗೆ ಹಿತ, ೨೪೦ ದಾಟಿದ್ದು ಚಳಿಗಾಲದ ಮಾತು.

ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು ಕೆಲವುಂಟು. ಬಟ್ಟೆಯೊಳಗೆ ಅಂಗೈಯಿಟ್ಟು ಬೆಳಕಿಗೆ ಹಿಡಿಯಬೇಕು. ಬೆರಳುಗಳು ಬೇರೆಬೇರೆಯಾಗಿ ಕಂಡರೆ ಅದು ತೀರ ತೆಳು. ಹೆಣೆದ ಬಟ್ಟೆಯನ್ನು ಅಡ್ಡಡ್ಡಲಾಗಿ ಎಳೆದು ಬಿಡಬೇಕು. ಥಟ್ಟನೆ ಮೊದಲಿನ ಆಕಾರಕ್ಕೆ ಬಂದರೆ ಒಳ್ಳೆಯದು. ಕೊಂಡುತಂದ ಮೇಲೆ ಒದ್ದೆ ಮಾಡಿದ ಬಿಳಿಯ ಕರವಸ್ತ್ರದಿಂದ ಒಳಮಗ್ಗುಲನ್ನು ಉಜ್ಜಿ, ಬಣ್ಣ ಬಿಡುವುದೋ ಎಂದು ನೋಡಬೇಕು. ಹತ್ತಿಯೇ ಹೌದೋ ಅಲ್ಲವೋ ಎಂಬ ಸಂಶಯವಿದ್ದರೆ, ಬಟ್ಟೆಯ ಒಂದು ಎಳೆಯನ್ನು ಬಿಡಿಸಿ ಎಚ್ಚರದಿಂದ ದೀಪಕ್ಕೆ ಹಿಡಿಯಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಲಿಗೆಯ ದಾರವನ್ನು ಪರೀಕ್ಷೆಗೆ ಆರಿಸಬಾರದು. ಹತ್ತಿಯ ಉಡುಪನ್ನೂ ಪಾಲಿಯೆಸ್ಟರ್ ದಾರದಿಂದ ಹೊಲಿಯುವುದುಂಟು.

ಅಳತೆ ಮತ್ತು ಹೊಲಿಗೆ

ಸಿದ್ಧ ಉಡುಪೇ ಆಗಬೇಕೆಂದಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ವೈರಮುಡಿಗೂ ಪುಳಿಯೋಗರೆಗೂ ಹೆಸರಾದಂತೆ ಕೈಮಗ್ಗದ ಪಂಚೆಗೂ ಹೆಸರಾದ ಊರು. ಸುರೇಂದ್ರ ಕೌಲಗಿಯವರು ೧೯೬೦ರಲ್ಲಿ ಅಲ್ಲಿ ಸ್ಥಾಪಿಸಿದ ಜನಪದ ಸೇವಾ ಟ್ರಸ್ಟ್ ಕೈಮಗ್ಗದ ನೇಯ್ಗೆಗೂ ಸಹಜ ಬಣ್ಣಗಳಿಗೂ ಹೆಸರು ಪಡೆದಿದೆ. ಅಂಥ ಬಟ್ಟೆ, ಅಥವಾ ಮನೆಯಲ್ಲಿಯೇ ಹತ್ತಾರು ಸಲ ಒಗೆದು ಮೆತ್ತಗಾದ, ಆದರೆ ಸವೆಯದ ಪಂಚೆ, ಮನೆಯ ಚಲ್ಲಣಕ್ಕೆ ಹೇಳಿಮಾಡಿಸಿದಂಥದು. ತೆಳುವೆನಿಸಿದರೆ ಎರಡು ಪದರ ಹಾಕಬಹುದು. ಹೊಸದಾಗಿ ಕೊಳ್ಳುವುದಾದರೆ ೪೪ ಅಂಗುಲ ಅಗಲದ ಬಟ್ಟೆ ಒಂದು ಮೀಟರು ಸಾಮಾನ್ಯ ಮೈಕಟ್ಟಿಗೆ ಸಾಕಾಗುತ್ತದೆ. ಊರಿನಲ್ಲಿ ಹೊಲಿಗೆ ಕಲಿತ ಹೆಣ್ಣುಮಕ್ಕಳಿರುತ್ತಾರೆ. ಅಳತೆ ಕೊಡುವವಳಿಗೂ ಸಂಕೋಚವಿಲ್ಲ, ಹೊಲಿಯುವವಳ ಕೈಗೂ ನಾಲ್ಕು ಕಾಸು.

ಅಳತೆಯಲ್ಲಿ ಮುಖ್ಯವಾದದ್ದು ನಡುವಲ್ಲ, ನಿತಂಬ. ಅದರ ಅತಿ ಅಗಲವಾದ ಭಾಗದ ಸುತ್ತಳತೆಗೆ, ನೆಯ್ದ ಬಟ್ಟೆಯಾದರೆ, ಕನಿಷ್ಠ ೪ ಅಂಗುಲ ಸಡಿಲ ಸೇರಿಸಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳುವವರಿಗೆ ೬ ಅಂಗುಲವಾದರೂ ಬೇಕು. ನಡುವಿನಿಂದ ಕಾಲುಗಳ ಸಂಧಿಯವರೆಗೆ ಹಿಂಭಾಗದ ಬಟ್ಟೆ ಮುಂಭಾಗಕ್ಕಿಂತ ಒಂದೂವರೆಯಿಂದ ಎರಡು ಅಂಗುಲ ಹೆಚ್ಚು ಉದ್ದವಿರಬೇಕು. ಇದನ್ನು ಮರೆತು ಕತ್ತರಿಸಿದ ಚಲ್ಲಣ ಬಗ್ಗಿದಾಗಲೆಲ್ಲ ಹಿಂದೆ ಜಾರುತ್ತದೆ. ತೊಟ್ಟವಳ ಕೈ ವ್ಯಾಯಾಮ ಬಿಟ್ಟು ಬಟ್ಟೆಯನ್ನೇ ಎಳೆಯುತ್ತಿರುತ್ತದೆ. ಕಾಲುಗಳ ನಡುವೆ ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡುವುದರಿಂದ ಬಟ್ಟೆ ಅಲ್ಲಿಯೇ ಹರಿಯುತ್ತದೆ, ಚರ್ಮ ಅಲ್ಲಿಯೇ ಉಜ್ಜುತ್ತದೆ. ಅಲ್ಲಿ ವಜ್ರಾಕಾರದ ಒಂದು ಚಿಕ್ಕ ತುಂಡನ್ನು ಸೇರಿಸಿ ಹೊಲಿದರೆ ಎರಡು ತೊಂದರೆಗಳೂ ತಪ್ಪುತ್ತವೆ.

ನಡುವಿಗೆ ಒಂದೂವರೆ ಅಂಗುಲ ಅಗಲದ ಎಲಾಸ್ಟಿಕ್ ಒಳ್ಳೆಯದು. ಕಿರಿದಾದದ್ದು ಮೈಗೆ ಕೊರೆಯುತ್ತದೆ. ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ಜೊತೆಗೊಂದು ಲಾಡಿಯಿದ್ದರೆ, ಬಾಣಂತನದ ಮೊದಲು ಹಿಂದು ಮೈ ಹೆಚ್ಚು ಕಡಿಮೆಯಾದಾಗಲೂ ಅದೇ ಉಡುಪು ಸಲ್ಲುತ್ತದೆ. ಮಲಗಿ ಮಾಡುವ ವ್ಯಾಯಾಮಗಳಿಗೆ ಬೆನ್ನಿನ ಕಡೆ ಗುಂಡಿ, ಜಿಪ್ಪು, ದಪ್ಪ ಗಂಟು ಯಾವುದೂ ಇರಕೂಡದು. ಬದಿಗೊಂದು ಆಳವಾದ ಜೇಬು ಅವಶ್ಯ. ಬೀಗದಕೈ ಹಿಡಿದುಕೊಂಡು ನಡೆಯುವ ಕಷ್ಟ ಹೆಂಗಸರಿಗೇ ಗೊತ್ತು.

ಉದ್ದದ ವಿಷಯದಲ್ಲಿ ಒಂದೇ ನಿಯಮವಿಲ್ಲ. ತೊಡೆಗಳು ಪರಸ್ಪರ ಉಜ್ಜುವ ಮೈಕಟ್ಟಿನವರಿಗೆ ಒಳಗಾಲಿನ ಉದ್ದ ೭ ಅಂಗುಲಕ್ಕೆ ಕಡಿಮೆಯಾಗದಿರುವುದು ಹಿತ. ಮಂಡಿಯವರೆಗಿನದು ನಡಿಗೆಗೂ ಮನೆಗೂ ಒಪ್ಪುತ್ತದೆ. ಕಾಲನ್ನು ಮೇಲೆತ್ತುವ ಆಸನಗಳಲ್ಲಿ ಅಗಲ ಬಾಯಿಯ ಚಲ್ಲಣ ಜಾರುವುದರಿಂದ ಒಳಗೊಂದು ಮೈಗೊಪ್ಪುವ ತೆಳು ಚಲ್ಲಣವಿರಬೇಕು. ಮುಟ್ಟಿನ ದಿನಗಳಿಗೂ ಇದೇ ಭದ್ರತೆ. ಆ ದಿನಗಳಿಗೆಂದು ಕಡುನೀಲಿಯದೋ ಕಪ್ಪಿನದೋ ಒಂದು ಜೊತೆ ಬೇರೆಯಾಗಿಯೇ ಇರಲಿ. ಕೊಳ್ಳುವ ಮೊದಲು ಕೊನೆಯ ಪರೀಕ್ಷೆ ಖೊಖೊ ಆಟದ್ದು: ತೊಟ್ಟುಕೊಂಡು ಕುಕ್ಕರಗಾಲಿನಲ್ಲಿ ಕುಳಿತು ಥಟ್ಟನೆ ಏಳಬೇಕು. ಎಲ್ಲಿಯೂ ಬಿಗಿಯದೆ, ಎಲ್ಲಿಯೂ ಜಾರದೆ, ಕೈಯಿಂದ ಸರಿಪಡಿಸಿಕೊಳ್ಳುವ ಅವಶ್ಯಕತೆ ಬಾರದಿದ್ದರೆ ಅದು ಆಕೆಯ ಅಳತೆ.

ಒಗೆಯುವ ಕ್ರಮ

ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ೧೯೩೦ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಕಂಡುಹಿಡಿದ, ಬಟ್ಟೆಯನ್ನು ಮೊದಲೇ ಕುಗ್ಗಿಸಿಡುವ ‘ಸ್ಯಾನ್‌ಫರೈಸ್’ ವಿಧಾನದ ಹೆಸರು ಹಿಂದಿನ ತಲೆಮಾರಿನ ಗೃಹಿಣಿಯರಿಗೆ ಚಿರಪರಿಚಿತ. ಹಾಗೆ ಸಂಸ್ಕರಿಸದ ಬಟ್ಟೆ ನೂರಕ್ಕೆ ಐದು ಪಾಲು ಕುಗ್ಗಿದರೂ ೧೬ ಅಂಗುಲದ ಚಲ್ಲಣ ಮುಕ್ಕಾಲು ಅಂಗುಲ ಗಿಡ್ಡವಾಗುತ್ತದೆ. ಆದ್ದರಿಂದ ಹೊಲಿಸುವ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿದ ನಂತರವೇ ಕತ್ತರಿಗೆ ಕೊಡಬೇಕು.

ಬೆವರಿನಿಂದ ತೊಯ್ದ ಚಲ್ಲಣದಲ್ಲಿಯೇ ಅಡಿಗೆಮನೆಯ ಕೆಲಸಕ್ಕೆ ನಿಲ್ಲುವುದು ಸಲ್ಲದು. ತೇವವೂ ಬಿಸಿಯೂ ಕೂಡಿದ ತೊಡೆಸಂದಿ ಗಜಕರ್ಣದಂಥ ಚರ್ಮರೋಗಗಳಿಗೆ ನೆಚ್ಚಿನ ಬೀಡು. ವ್ಯಾಯಾಮ ಮುಗಿದೊಡನೆ ಬದಲಿಸಿ, ಅಂದೇ ಒಗೆದು, ಒಳಮಗ್ಗುಲನ್ನು ಹೊರಗೆ ಮಾಡಿ ಬಿಸಿಲಿಗೆ ಹರವಬೇಕು. ಒಳಉಡುಪನ್ನು ಸೀರೆಯ ಮರೆಯಲ್ಲಿ, ನೆರಳಿನಲ್ಲಿ ಒಣಗಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಚಲ್ಲಣಕ್ಕೆ ಆ ಗತಿ ಬರಬಾರದು. ಬಿಸಿಲು ಕಾಣದ ಬಟ್ಟೆ ಪೂರ್ತಿ ಒಣಗುವುದಿಲ್ಲ. ಪೂರ್ತಿ ಒಣಗದ ಬಟ್ಟೆಯಿಂದ ತುರಿಕೆ ತಪ್ಪುವುದಿಲ್ಲ. ಎರಡು ಜೊತೆಯಿದ್ದರೆ ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಮಳೆಗಾಲಕ್ಕೆ ಮೂರನೆಯದೊಂದು.

ಮನೆಯವರ ಮಾತು

ಕೊನೆಗುಳಿಯುವುದು ಮನೆಯೊಳಗಿನ ಪ್ರಶ್ನೆ. “ಅತ್ತೆಯವರು ಏನೆಂದಾರು?” ಎಂದು ಸೊಸೆ ಅಳುಕುವುದೂ, “ಈ ವಯಸ್ಸಿನಲ್ಲಿ ನನಗೇಕಮ್ಮ ಇದೆಲ್ಲ?” ಎಂದು ಅತ್ತೆ ನಾಚುವುದೂ ಸಹಜವೇ. ಮನೆಯಲ್ಲಿ ಹಿರಿಯರಿದ್ದರೆ ಅವರ ಮನಸ್ಸನ್ನು ನೋಯಿಸದೆ, ಮೊದಲು ಮಂಡಿಯವರೆಗಿನ ಅಳತೆಯಿಂದ ಆರಂಭಿಸಬಹುದು. ಮೇಲೆ ಉದ್ದನೆಯ ಜುಬ್ಬ ತೊಡಬಹುದು. ಸೀರೆಯೇ ತನಗೆ ಸುಖವೆಂದು ಯಾರಾದರೂ ಹೇಳಿದರೆ ಅವರ ಮೇಲೆ ಚಲ್ಲಣವನ್ನು ಹೇರುವುದೂ ತಪ್ಪು; ‘ತನ್ನಿಚ್ಛೆ’ ಎಂದ ಮೇಲೆ ಅದು ಎರಡು ಕಡೆಗೂ ಸಲ್ಲಬೇಕು. ಮೊಣಕಾಲು ನೋವಿಗೆ ವ್ಯಾಯಾಮ ಹೇಳಿಸಿಕೊಂಡ ಅತ್ತೆಯವರಿಗೆ ಸೊಸೆಯೇ ಒಂದು ಮೆತ್ತನೆಯ ಚಲ್ಲಣ ಹೊಲಿದುಕೊಟ್ಟರೆ ಅರ್ಧ ಚರ್ಚೆ ಅಲ್ಲಿಗೇ ಮುಗಿದೀತು. ಕಾಲೆತ್ತಲು ಸೀರೆ ತೊಡಕಾಗದ ಸುಖವನ್ನು ಒಮ್ಮೆ ಕಂಡವರು ಮತ್ತೆ ಆಕ್ಷೇಪಿಸಲಾರರು.

ಗಂಡಸರ ಹೊಣೆಯೂ ಇಲ್ಲಿ ಕಡಿಮೆಯದಲ್ಲ. ಮಗ ಆರನೆಯ ವಯಸ್ಸಿನಲ್ಲಿ ತೊಟ್ಟ ಚಡ್ಡಿಯನ್ನು ಅರುವತ್ತರಲ್ಲೂ ತೊಟ್ಟು ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಾನೆ. ಮಗಳು ಮಾತ್ರ ಹನ್ನೆರಡರಲ್ಲಿ ಅದನ್ನು ಬಿಟ್ಟುಕೊಡಬೇಕು. ಉಡುಪಿನೊಂದಿಗೆ ಆಕೆ ಬಿಟ್ಟುಕೊಡುವುದು ಓಟವನ್ನು, ಕುಣಿತವನ್ನು, ಮೈದಾನವನ್ನು. ಹಬ್ಬಕ್ಕೆಂದು ಮಗಳಿಗೆ ರೇಷ್ಮೆಯ ಲಂಗ ತರುವ ತಂದೆ, ಅದರೊಡನೆ ಎರಡು ಜೊತೆ ಹತ್ತಿಯ ಚಲ್ಲಣವನ್ನೂ ತಂದು ಆಕೆಯ ಕೈಯಲ್ಲಿಡಲಿ. ರೇಷ್ಮೆ ಪೆಟ್ಟಿಗೆಯಲ್ಲಿರುತ್ತದೆ; ಹತ್ತಿ ದಿನವೂ ಬಳಕೆಯಾಗುತ್ತದೆ.